ನಡುವಿನ ಜೋಡಿಯ ಪೈಲ್ವಾನ

ಜಾತ್ರೆಯ ಕುಸ್ತಿ ನೋಡಿ ಬಂದವರು ಮನೆಯಲ್ಲಿ ಹೇಳುವುದು ಕೊನೆಯ ಜೋಡಿಯ ಮಾತು. ಬೆಳ್ಳಿ ಕಡಗ ಯಾರಿಗೆ ಹೋಯಿತು, ಹೊರಗಿನ ಪೈಲ್ವಾನ ಯಾವ ಡಾವಿಗೆ ಬಿದ್ದ, ಇಷ್ಟೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಕಣಗಳನ್ನು ನೋಡುತ್ತ ಬಂದ ನನಗೆ ಅನ್ನಿಸುವುದೇ ಬೇರೆ. ಮಟ್ಟಿಯ ಕುಸ್ತಿಯನ್ನು ಹೊತ್ತು ನಿಂತವನು ನಡುವಿನ ಜೋಡಿಯ ಪೈಲ್ವಾನ.

ಅವನ ವರ್ಷ ಸಂಕ್ರಾಂತಿಗೆ, ವಿಜಯಪುರದ ಸಿದ್ಧೇಶ್ವರ ಜಾತ್ರೆಯಿಂದ ಶುರುವಾಗುತ್ತದೆ. ಬೇಸಿಗೆಯಲ್ಲಿ ಹಳ್ಳಿ ಹಳ್ಳಿಯ ಜಾತ್ರೆ, ಶ್ರಾವಣಕ್ಕೆ ಬಾಗೇವಾಡಿಯ ಮೂಲ ನಂದೀಶ್ವರ. ನಡುವೆ ಗಡಿ ದಾಟಿ ಸೊಲ್ಲಾಪುರ, ಸಾಂಗಲಿ ಕಡೆಯ ಕಣಗಳು. ಚೀಲದಲ್ಲಿ ಲಂಗೋಟ, ಟವೆಲ್ಲು, ನೆನೆಸಿದ ಬಾದಾಮಿ. ಬಸ್ಸಿಳಿದ ಊರಲ್ಲಿ ಪಂಚರು ಯಾರೊಂದಿಗೆ ಜೋಡಿ ಹಚ್ಚುತ್ತಾರೋ ಅವನ ಮೇಲೆ ಆಡಬೇಕು.

ಅವನ ಕಸುಬುಗಾರಿಕೆ ನೋಡಬೇಕಾದರೆ ಹಲಗಿಯ ಸದ್ದಿನಿಂದ ಗಮನ ಕಿತ್ತು ಅವನ ಕೈಗಳ ಮೇಲಿಡಬೇಕು. ಹಿಡಿ ಮಣ್ಣೆತ್ತಿ ತನ್ನ ಮೈಗೂ ಎದುರಾಳಿಯ ಹೆಗಲಿಗೂ ಹಚ್ಚುತ್ತಾನೆ. ಬೆವರಿಗೆ ಹಿಡಿತ ಜಾರಬಾರದು, ಅದು ಇಬ್ಬರಿಗೂ ನ್ಯಾಯ. ಎದುರಾಳಿ ಮುಂದೆ ಬಾಗಿದ ಗಳಿಗೆಯಲ್ಲೇ ಅವನ ತೋಳು ಸೆಳೆದು, ತಿರುಗಿ, ಬೆನ್ನ ಮೇಲೆ ಹೇರಿಕೊಂಡು, ಅಗಸ ಬಟ್ಟೆ ಒಗೆದಂತೆ ಒಗೆಯುತ್ತಾನೆ. ಅದು ಧೋಬಿ ಪಛಾಡ್. ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಮುದುಡಿದ ಕಿವಿಯ ಈ ಗಂಡು ಎಷ್ಟೋ ವರ್ಷ ತಾಲೀಮಿನಲ್ಲಿ ಮೈ ಮುರಿದು ಕಲಿತ ವಿದ್ಯೆ ಅದು. ಗೆದ್ದರೆ ಕಣ ಸುತ್ತಿ ಹಿರಿಯರ ಕಾಲು ಮುಟ್ಟುತ್ತಾನೆ, ಜನ ಕೈಗೆ ನೋಟು ಕೊಡುತ್ತಾರೆ.

ಈ ಪದ್ಧತಿಯ ಸೊಗಸು ಅದರ ಬಾಗಿಲು ದೊಡ್ಡದಾಗಿರುವುದು. ಯಾರ ಶಿಫಾರಸೂ ಬೇಡ, ತೊಡೆ ತಟ್ಟಿದರೆ ಸಾಕು. ಆದರೆ ಕೊರತೆಗಳೂ ದೊಡ್ಡವು. ಬಹುಮಾನದ ಬಹುಪಾಲು ಕೊನೆಯ ಜೋಡಿಗೇ ಮೀಸಲು. ಜಂಗಿ ನಿಕಾಲಿ, ಅಂದರೆ ಸೋಲು ಗೆಲುವು ತೀರುವವರೆಗೂ ಆಟ, ಎಂದು ಸಾರಿದ ಕುಸ್ತಿಯನ್ನೂ ಹೊತ್ತು ಮುಳುಗಿತೆಂದು ಸಮ ಬಿಡಿಸುವುದುಂಟು. ಭುಜ ಜಾರಿದರೆ ಆ ಸಲದ ಜಾತ್ರೆಗಳೆಲ್ಲ ಮುಗಿದಂತೆ. ನೌಕರಿಯ ದಾರಿ ಇರುವುದು ಮ್ಯಾಟಿನ ಮೇಲೆ. ಅಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಅಂಕಗಳ ಲೆಕ್ಕ. ಮಣ್ಣಿನಲ್ಲಿ ತಾಳಿ, ದಣಿಸಿ, ಹೊಂಚಿ ಗೆಲ್ಲುವವನಿಗೆ ಆ ಲೆಕ್ಕ ಒಗ್ಗುವುದಿಲ್ಲ. ಮಾಜಿ ಕುಸ್ತಿಪಟುಗಳಿಗೆ ಕರ್ನಾಟಕ ಸರ್ಕಾರ ಮಾಸಾಶನ ಕೊಡುತ್ತಿರುವುದು ಮೆಚ್ಚುವ ಕೆಲಸ. ಆದರೆ ಅದು ರಾಜ್ಯ, ರಾಷ್ಟ್ರ, ಅಂತರರಾಷ್ಟ್ರೀಯ ಮಟ್ಟದಲ್ಲಿ ಆಡಿದವರಿಗೆ. ನೂರು ಜಾತ್ರೆಗಳಲ್ಲಿ ಆಡಿದವನ ಬಳಿ ತೋರಿಸಲು ಕಾಗದವೇ ಇಲ್ಲ.

ಅಮೆರಿಕ, ಕೆನಡಾಗಳ ಐಸ್ ಹಾಕಿಯಲ್ಲೂ ಊರಿಂದೂರಿಗೆ ತಂಡ ಬದಲಿಸುತ್ತ ಬದುಕುವ ಆಟಗಾರರಿದ್ದಾರೆ. ದೊಡ್ಡ ಲೀಗಿನ ಕೆಳಗೆ ಆಡುವ ಅಂಥವರಿಗೂ 1967ರಿಂದ ಸ್ವಂತ ಸಂಘವಿದೆ, ಕರಾರಿನ ಮಾತನ್ನು ಅದೇ ಆಡುತ್ತದೆ. ನಮ್ಮ ಪೈಲ್ವಾನನ ಪರವಾಗಿ ಮಾತಾಡುವವನು ಅವನ ತಾಲೀಮಿನ ಗುರು, ವಸ್ತಾದ ಒಬ್ಬನೇ.

ಕಾಯಕಕ್ಕೆ ಮೇಲು ಕೀಳಿಲ್ಲ ಎಂದು ಕಲಿಸಿದ ಬಸವಣ್ಣ ಹುಟ್ಟಿದ ನೆಲವಿದು. ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೇ: ಕೊನೆಯ ಜೋಡಿಯ ಹಣದಲ್ಲಿ ಒಂದು ಪಾಲನ್ನು ನಡುವಿನ ಜೋಡಿಗಳಿಗೂ ಅವರ ವಿಮೆಗೂ ತೆಗೆದಿಡಿ. ಕಣಕ್ಕಿಳಿದ ಪ್ರತಿಯೊಬ್ಬನ ಹೆಸರು, ಊರು, ಫಲಿತಾಂಶವನ್ನು ವಹಿಯಲ್ಲಿ ಬರೆದು ಸಹಿ ಹಾಕಿ ಕೊಡಿ. ನಾಳೆ ಅವನಿಗೆ ಅದೇ ಕಾಗದ ಬೇಕಾಗುತ್ತದೆ.