ಕೆರೆ ಯಾರದು? 'ಕೆರೆಗೆ ಹಾರ'ದ ಮರುಓದು

'ಕೆರೆಗೆ ಹಾರ' ಕಥನಗೀತೆಯನ್ನು ನಮ್ಮ ವಿಮರ್ಶೆ ತ್ಯಾಗದ ಹಾಡೆಂದು ಹೊಗಳುತ್ತ ಬಂದಿದೆ. ಮೇಷ್ಟ್ರುಗಳೂ ಮಕ್ಕಳಿಗೆ ಹಾಗೇ ಪಾಠ ಮಾಡಿದ್ದಾರೆ. ಕೆರೆ ಉಳಿಸುವ ಸಂಘಗಳು ಹುಟ್ಟಿರುವ ಈ ಹೊತ್ತಿನಲ್ಲಿ ಆ ಹಾಡನ್ನು ನಾವು ತಿರುಗಿ ಓದಬೇಕಾಗಿದೆ. ಊರಿನ ಕೆರೆಗೆ ಬೆಲೆ ತೆರುವವರು ಯಾರು ಅನ್ನೋದನ್ನ ಅದು ಮುಚ್ಚಿಟ್ಟಿಲ್ಲ.

ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿದರು, ಸೊಸೆಯನ್ನು ಬಲಿ ಕೊಡಬೇಕೆಂದಾಯಿತು. ಹಿರಿಸೊಸೆ ಮನೆತನಕ್ಕೆ ಬೇಕು, ಹಾಗಾಗಿ ಕಿರಿಸೊಸೆ ಭಾಗೀರತಿ. ಯಾರ ಜೀವ ಅಗ್ಗವೋ ಅವರ ಜೀವ! ಅವಳನ್ನು ಯಾರೂ ಕೇಳಲಿಲ್ಲ. ತವರಿಗೆ ಹೋದಳು, ಅಪ್ಪನ ಮುಂದೆ ನಿಜ ಹೇಳಲಾರದೆ ಗೆಳತಿಯ ಮುಂದೆ ಹೇಳಿಕೊಂಡಳು. ಅಲ್ಲೂ ಬಿಡಿಸಿಕೊಳ್ಳುವವರಿರಲಿಲ್ಲ. ಕೇಳದೆ ಕಿತ್ತುಕೊಂಡ ಜೀವವನ್ನು ತ್ಯಾಗ ಅನ್ನೋದು ಯಾವ ನ್ಯಾಯ? ತುಂಬಿದ ಕೆರೆಯ ಸಂಭ್ರಮಕ್ಕೆ ಹಾಡು ನಿಲ್ಲುವುದಿಲ್ಲ. ದಂಡಿನಿಂದ ಬಂದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಹಾಡಿದ ಹೆಂಗಸರು ಇದನ್ನು ಒಪ್ಪಿರಲಿಲ್ಲ. ಒಪ್ಪಿದ್ದು ನಮ್ಮ ವಿಮರ್ಶಕರು.

ಕಟ್ಟಿಸಿದ ಗೌಡನ ಹೆಸರು ಉಳಿಯಿತು. ಮಣ್ಣು ಹೊತ್ತವರ ಹೆಸರು ಉಳಿಯಲಿಲ್ಲ. ದಕ್ಷಿಣ ಕರ್ನಾಟಕದ ಹಲವು ಊರುಗಳಲ್ಲಿ ತೂಬು ಎತ್ತಿ, ಗದ್ದೆಗದ್ದೆಗೂ ನೀರು ಹಂಚಿ, ಮಳೆಗಾಲದ ರಾತ್ರಿ ಏರಿ ಕಾಯುತ್ತಿದ್ದ ನೀರುಗಂಟಿ ದಲಿತ. ಅಚ್ಚುಕಟ್ಟಿನ ಗದ್ದೆ ಮಾತ್ರ ಮೇಲಿನವರದು. ಅವನು ಹರಿಸಿದ ನೀರು ಪೈರಿಗೆ ಮೈಲಿಗೆಯಾಗಲಿಲ್ಲ, ಅವನು ಸೇದುವ ಬಾವಿ ಮಾತ್ರ ಮೈಲಿಗೆಯಾಯಿತು!

ಮಹಾರಾಷ್ಟ್ರದ ಮಹಾಡ್‌ನಲ್ಲಿ ಚವದಾರ್ ಕೆರೆಯನ್ನು ಪುರಸಭೆ 1924ರಲ್ಲೇ ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿದರು. ಸವರ್ಣೀಯರು ಜನರನ್ನು ಹೊಡೆದರು, ಸಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಬಾಂಬೆ ಹೈಕೋರ್ಟಿನಲ್ಲಿ ಹಕ್ಕು ಗೆದ್ದದ್ದು 1937ರಲ್ಲಿ. ಕೆರೆ ಶುದ್ಧಿ ಎಂಬ ಮಾತು ಕೇಳಿದಾಗ ನಮ್ಮ ಕಿವಿ ನೆಟ್ಟಗಾಗುವುದು ಇದಕ್ಕೇ.

ಹಾಗಂತ ಕೆರೆ ಸಂಘಗಳನ್ನು ನಾವು ಹೀಗಳೆಯುತ್ತಿಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಊರಿನ ಕೊಳಚೆ ಹೊತ್ತ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ, 2017ರಲ್ಲಿ ಬೆಂಕಿಯೇ ಎದ್ದಿತು. ಇಂಥ ಕಡೆ ನುಂಗಣ್ಣರಿಗೆ ಅಡ್ಡ ನಿಲ್ಲುವವರು ಬೇಕೇ ಬೇಕು. ಆದರೆ ಕೆರೆಗೆ ಬೇಲಿ ಬಂದು, ಬೆಳಗಿನ ವಾಕಿಂಗಿಗೆ ಹಾದಿಯಾದಾಗ ದನ ಮೇಯಿಸುವವನು, ಬಟ್ಟೆ ಒಗೆಯುವವಳು, ಮೀನು ಹಿಡಿಯುವವನು ಎಲ್ಲಿಗೆ ಹೋಗಬೇಕು? ರಾಜಕಾಲುವೆಯ ಮೇಲಿನ ಬಂಗಲೆಗಿಂತ ಮೊದಲು ದಂಡೆಯ ಗುಡಿಸಲು ಕಣ್ಣಿಗೆ ಬಿದ್ದರೆ, ಅದೂ ಕಿರಿಸೊಸೆಯನ್ನು ಆರಿಸಿದ ಲೆಕ್ಕವೇ.

ಕೆರೆ ಒಂಟಿಯಲ್ಲ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ನಡುವಿನ ಕಾಲುವೆ ಮುಚ್ಚಿಹೋದರೆ ಎಷ್ಟು ಹೂಳೆತ್ತಿದರೂ ಕೆರೆ ತುಂಬದು. ಸಂಘವೂ ಹಾಗೇ. ಕೇರಿಯ ದಾರಿ ಮುಚ್ಚಿ 'ನಮ್ಮ ಕೆರೆ' ಅಂದರೆ ಆ 'ನಮ್ಮ'ದೊಳಗೆ ಯಾರಿದ್ದಾರೆ?

ಗೆಳೆಯರೇ, ನಿಮ್ಮೂರಿನ ಕೆರೆ ಸಂಘದ ಸಭೆಗೆ ಹೋಗಿ. ನೀರುಗಂಟಿಯ ಮಗ, ಕೇರಿಯ ಹೆಂಗಸು ಅಲ್ಲಿದ್ದಾರಾ ನೋಡಿ. ಇದ್ದರೆ ಹೂಳೆತ್ತಲು ಮಾತ್ರ ಕರೆದಿದ್ದಾರೋ, ತೀರ್ಮಾನಕ್ಕೂ ಕರೆದಿದ್ದಾರೋ ಕೇಳಿ. ಮೇಷ್ಟ್ರುಗಳು ಇನ್ನು ಮುಂದೆ 'ಕೆರೆಗೆ ಹಾರ' ಪಾಠ ಮಾಡುವಾಗ ಮಕ್ಕಳಿಗೆ ಇದೊಂದೇ ಪ್ರಶ್ನೆ ಕೊಡಲಿ: ಭಾಗೀರತಿಯನ್ನು ಯಾರಾದರೂ ಕೇಳಿದ್ದರಾ?