ಎಲುಬಿಗೆ ಅಂಟುವ ಗಾಜು

ಹುನಗುಂದ, ಇಳಕಲ್ಲ ಸೀಮೆಯಲ್ಲಿ ಕೊಳವೆಬಾವಿಯ ಫ್ಲೋರೈಡು ನೀರನ್ನು ಕುಡಿದು ಬೆಳೆದವರ ಮುಂಬಲ್ಲುಗಳ ಮೇಲೆ ಅಡ್ಡಲಾಗಿ ಹರಿದ ಕಂದುಪಟ್ಟೆಗಳನ್ನು ಕಂಡವರಿಗೆ, ಹಲ್ಲಿನ ನಷ್ಟವನ್ನು ತುಂಬಿಕೊಡುವ ಗಾಜೊಂದು ಪೇಸ್ಟಿನ ರೂಪದಲ್ಲಿ ಅಂಗಡಿಗೆ ಬಂದಿದೆಯೆಂಬ ವಾರ್ತೆ ಆಸೆ ಹುಟ್ಟಿಸುವುದು ಸಹಜ. ಆ ಆಸೆಯಲ್ಲಿ ನ್ಯಾಯವಾದುದೆಷ್ಟು, ವ್ಯಾಪಾರದ ಉಬ್ಬರವೆಷ್ಟು ಎಂಬುದು ಪರಾಂಬರಿಸತಕ್ಕ ವಿಷಯ.

ಈ ಗಾಜು ಮೊದಲು ಹುಟ್ಟಿದ್ದು ಹಲ್ಲಿಗಾಗಿ ಅಲ್ಲ, ಎಲುಬಿಗಾಗಿ. 1967ರಲ್ಲಿ ಬಸ್ಸೊಂದರಲ್ಲಿ, ವಿಯೆಟ್ನಾಮಿನಿಂದ ಮರಳಿದ್ದ ಅಮೆರಿಕದ ಸೈನ್ಯಾಧಿಕಾರಿಯೊಬ್ಬನು, ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಶರೀರವು ತಿರಸ್ಕರಿಸುವುದರಿಂದ ಗಾಯಾಳುಗಳಿಗೆ ಅಂಗಚ್ಛೇದವೇ ಗತಿಯಾಗುತ್ತಿದೆಯೆಂದು ಪಕ್ಕದಲ್ಲಿದ್ದ ಲ್ಯಾರಿ ಹೆಂಚ್ ಅವರಲ್ಲಿ ತೋಡಿಕೊಂಡನಂತೆ. ಫ್ಲೋರಿಡಾ ವಿಶ್ವವಿದ್ಯಾಲಯದ ಹೆಂಚ್ ಎರಡು ವರ್ಷಗಳ ತರುವಾಯ, ತೂಕದಲ್ಲಿ ನೂರಕ್ಕೆ 45 ಪಾಲು ಸಿಲಿಕಾ, 24.5 ಪಾಲು ಸುಣ್ಣದ ಆಕ್ಸೈಡು, ಅಷ್ಟೇ ಸೋಡಿಯಂ ಆಕ್ಸೈಡು, 6 ಪಾಲು ರಂಜಕದ ಆಕ್ಸೈಡು ಕೂಡಿದ ಗಾಜನ್ನು ಸಿದ್ಧಪಡಿಸಿದರು. ಇಲಿಯ ತೊಡೆಯೆಲುಬಿನಲ್ಲಿ ಹುದುಗಿಸಿದ ಆ ಗಾಜಿನ ಚೂರುಗಳು ಆರು ವಾರಗಳ ಮೇಲೆ ಎಳೆದರೂ ಕಿತ್ತು ಬರಲಿಲ್ಲ. ಕಿಟಕಿಯ ಗಾಜಿನಲ್ಲಿ ಸಿಲಿಕಾ 70ರ ಆಚೀಚೆ ಇರುವುದರಿಂದ ಅದು ನೀರಿಗೆ ಜಗ್ಗದು. 60 ಮೀರಿದಲ್ಲಿ ಎಲುಬಿನೊಡನೆ ಬೆಸುಗೆಯೂ ಕೂಡದು. ಕರಗುವ ಗಾಜು ಗಾಜುಗಾರನ ಲೆಕ್ಕಕ್ಕೆ ಕೆಟ್ಟ ಗಾಜು. ಶರೀರಕ್ಕೆ ಬೇಕಾದುದು ಅಂಥದೇ. ಸೋಡಿಯಂ ಹೊರಬಿದ್ದ ಎಡೆಗೆ ದೇಹದ್ರವದ ಜಲಜನಕ ಬಂದು, ಮೇಲ್ಮೈಯಲ್ಲಿ ಸಿಲಿಕಾದ ಲೋಳೆಪೊರೆ ಏರ್ಪಟ್ಟು, ಅದರ ಮೇಲೆ ಸುಣ್ಣವೂ ರಂಜಕವೂ ನೆಲೆಗೊಂಡು, ಎಲುಬಿನ ಖನಿಜಕ್ಕೆ ತೀರ ಸಮೀಪವಾದ ಹರಳಾಗಿ ಗಟ್ಟಿಗೊಳ್ಳುತ್ತವೆ. ಶರೀರವನ್ನು ಮೋಸಗೊಳಿಸದೆ ಅದರ ಕೆಲಸಕ್ಕೆ ಕೈಗೂಡಿಸುವ ಈ ಕಲ್ಪನೆಯನ್ನು ನಾನು ನಿಸ್ಸಂಕೋಚವಾಗಿ ಶ್ಲಾಘಿಸುತ್ತೇನೆ.

ಪೇಸ್ಟಿನ ವಿಷಯ ಬೇರೆ. ಒಸಡು ಜರಿದು ಹಲ್ಲಿನ ಬೇರು ತೆರೆದುಕೊಂಡಾಗ, ಹರವಿಯ ತಣ್ಣೀರು ತಾಕಿದೊಡನೆ ಜುಮ್ಮೆನ್ನುವ ಬಾಧೆ ಉಂಟಷ್ಟೆ. ಅಲ್ಲಿಯ ಸೂಕ್ಷ್ಮನಾಳಗಳ ಬಾಯನ್ನು ಈ ಗಾಜಿನ ಪುಡಿ ಮುಚ್ಚಿ ಉಪಶಮನ ಕೊಡಬಲ್ಲದು. ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ ಔಷಧ. ಆದರೆ ನಮ್ಮ ಕಂದುಪಟ್ಟೆ, ಬಾಲ್ಯದಲ್ಲಿ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಫ್ಲೋರೈಡಿನ ಅತಿರೇಕದಿಂದ ಹೊರಕವಚ ಅಪಕ್ವವಾಗಿ ಉಳಿದುದರ ಫಲ. ಮುಂಜಾನೆ ಎರಡು ನಿಮಿಷ ಮೇಲೆ ಉಜ್ಜಿದ ಪುಡಿ ಆ ಆಳವನ್ನು ಮುಟ್ಟಿ ಹಲ್ಲನ್ನು ಹೊಸದಾಗಿಸೀತೆಂದು ನಂಬುವುದು ದುರಾಸೆ. ಗಾಜಿನೊಡನೆ ಫ್ಲೋರೈಡನ್ನೂ ಬೆರೆಸಿದ ಪೇಸ್ಟುಗಳಿವೆ. ಪೇಸ್ಟು ನುಂಗುವ ಎಳೆಯ ಮಕ್ಕಳಿರುವ ಇಲ್ಲಿಯ ಮನೆಗಳಲ್ಲಿ ಡಬ್ಬಿಯ ಮೇಲಿನ ಸಣ್ಣಕ್ಷರವನ್ನು ಓದದೆ ಕೊಳ್ಳಬಾರದು. ಕಲೆಯನ್ನು ತೆಳುವಾಗಿ ಉಜ್ಜಿ ತೆಗೆಯುವುದೋ, ಮೇಲೆ ಹೊದಿಕೆ ಕೂಡಿಸುವುದೋ ದಂತವೈದ್ಯರ ಕೆಲಸ. ಅದಕ್ಕಾಗಿ ಬಾಗಲಕೋಟೆಯಲ್ಲೇ ಪಿ. ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವಿದೆ. ಮುಂದಿನ ಪೀಳಿಗೆಯ ಹಲ್ಲಿಗಾದರೋ ಬೇಕಾದುದು ನೀರು: ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದೆಡೆ ಹೆಚ್ಚೆಂದರೆ 1.5 ಎಂದು ಭಾರತೀಯ ಮಾನಕವು ಫ್ಲೋರೈಡಿಗೆ ಮಿತಿ ಹಾಕಿದೆ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮ ಹುನಗುಂದ ತಾಲೂಕಿನಲ್ಲೇ ಇರುವಾಗ, ನದಿಯ ನೀರನ್ನು ಊರೂರಿಗೆ ಒಯ್ಯುವುದನ್ನು ಬಿಟ್ಟು ಪೇಸ್ಟಿನ ಗುಣಗಾನ ಮಾಡುವುದು ನನಗಂತೂ ವಿಪರೀತವಾಗಿ ತೋರುತ್ತದೆ.

ಎಲುಬಿನಲ್ಲಿ ಈ ಗಾಜು ಹೆಚ್ಚು ಮರ್ಯಾದೆಯಿಂದ ನಡೆದುಕೊಂಡಿದೆ. 1985ರಲ್ಲಿ ನಡುಗಿವಿಯ ಪುಟ್ಟ ಎಲುಬಿಗೆ ಬದಲಾಗಿ, ಅನಂತರ ದವಡೆಯಲ್ಲಿ ಹಲ್ಲಿನ ಸುತ್ತ ಎಲುಬು ಕರಗಿದ ಕುಳಿಗೆ ಪೂರಣವಾಗಿ, ಅದು ಚಿಕಿತ್ಸೆಗೆ ಬಂದಿತು. ಭಾರ ಹೊರುವ ತೊಡೆಯೆಲುಬಿಗೆ ಒಂಟಿಯಾಗಿ ಆಧಾರವಾಗಲಾರದು. ಬಾಗದೆ ಒಡೆಯುವುದೇ ಗಾಜಿನ ಜಾತಿ. ನನ್ನ ಮಟ್ಟಿಗೆ ಇದರ ಶ್ರೇಷ್ಠ ಪ್ರಯೋಗ ಫಿನ್ಲೆಂಡಿನ ತುರ್ಕುವಿನಲ್ಲಿ ರೂಪುಗೊಂಡ ಮತ್ತೊಂದು ಪಾಕದ್ದು. ಎಲುಬಿನೊಳಗೆ ವರ್ಷಗಟ್ಟಲೆ ಕೀವು ಸುರಿಯುವ ರೋಗದಲ್ಲಿ, ಕೊಳೆತ ಭಾಗವನ್ನು ಕೆರೆದು ತೆಗೆದ ಶಸ್ತ್ರವೈದ್ಯರು ಆ ಪೊಳ್ಳಿಗೆ ಗಾಜಿನ ಹರಳುಗಳನ್ನು ತುಂಬುತ್ತಾರೆ. ಕರಗುತ್ತ ಅದು ಸುತ್ತಣ ದ್ರವದ ಕ್ಷಾರವನ್ನೂ ಲವಣಾಂಶವನ್ನೂ ಏರಿಸುವುದರಿಂದ ರೋಗಾಣುಗಳಿಗೆ ಬದುಕು ದುಸ್ತರವಾಗಿ, ಕ್ರಮೇಣ ಆ ಎಡೆಯಲ್ಲಿ ಹೊಸ ಎಲುಬು ಬೆಳೆಯುತ್ತದೆ.