ಇನ್ನೊಂದೇಟು ಹಾಕಣ್ಣ

ಆಲೆಮನೆ ಹೊಗೆಯ ಸೀಮೆಯಾದ ಕ್ಯಾತನಹಳ್ಳಿಯ ದಾರಿಯಲ್ಲಿ ಹಳೇ ಮಾರುತಿ 800 ಒಂದು ನೀಲಿ ಹೊಗೆ ಕಾರುತ್ತ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಆ ನೀಲಿ, ಆಯಿಲ್ ಉರಿಯುತ್ತಿರುವ ಗುರುತು. ವಾಲ್ವ್ ಸೀಲಿನ ತಪ್ಪಲ್ಲವಾದರೆ ರಿಂಗು ಸವೆದಿದೆ, ಇಂಜಿನ್ ಇಳಿಸಲೇಬೇಕು.

ಇಳಿಸಿದ ಮೇಲೆ, ಲೇತ್ ಅಂಗಡಿಯಿಂದ ಬೋರ್ ಆಗಿ ಬಂದ ಬ್ಲಾಕನ್ನು ಪೆಟ್ರೋಲಿನಲ್ಲಿ ಒರೆಸಿದರೆ ಸಾಕು ಎನ್ನುವವರ ಮಾತು ಕೇಳಬೇಡಿ. ಹೋನಿಂಗ್ ಕಲ್ಲಿನ ಪುಡಿ ಗೀರುಗಳೊಳಗೆ ಕೂತಿರುತ್ತದೆ. ಸೋಪಿನ ಬಿಸಿನೀರು, ಬ್ರಷ್ಷು ಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಬರಬೇಕು. ಆಮೇಲೆ ತಡಮಾಡದೆ ಆಯಿಲ್ ಸವರಿ, ಇಲ್ಲದಿದ್ದರೆ ತುಕ್ಕು.

ಹೆಚ್ಚಿನವರು ಹಾರಿಸಿಬಿಡುವ ಕೆಲಸ ರಿಂಗ್ ಗ್ಯಾಪ್ ನೋಡುವುದು. ರಿಂಗನ್ನು ಬರೀ ಬೋರಿಗೆ ಹಾಕಿ, ಪಿಸ್ಟನ್ ತಲೆಯಿಂದ ನೇರವಾಗಿ ಕೆಳಕ್ಕೆ ತಳ್ಳಿ, ತುದಿಗಳ ನಡುವೆ ಫೀಲರ್ ಗೇಜ್ ಇಡಬೇಕು. ಬೋರಿನ ಇಂಚಿಗೆ ಮೂರು, ನಾಲ್ಕು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಎಂಬುದು ಹಳೆಯ ಲೆಕ್ಕ. ಮಾರುತಿಯ 68.5 ಮಿ.ಮೀ. ಬೋರಿಗೆ ಸುಮಾರು 0.2ರಿಂದ 0.27 ಮಿ.ಮೀ. ಆಗುತ್ತದೆ, ಆ ಇಂಜಿನ್ನಿನ ಮ್ಯಾನ್ಯುಯಲ್ ಹೇಳುವುದೇ ಕೊನೆಯ ಮಾತು. ಗ್ಯಾಪ್ ತೀರಾ ಕಡಿಮೆಯಾದರೆ ಕಾದ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿ, ಹೊಸ ಬೋರನ್ನೇ ಕೆರೆದುಬಿಡುತ್ತವೆ.

ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್‌ಗಳಲ್ಲಿ ಅನೇಕರು ಜಾವಾ, ಯೆಜ್ದಿ ಬೈಕುಗಳಲ್ಲಿ ಕೈ ಪಳಗಿಸಿದವರು. ಅವನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ನಡೆದ ಕಾರ್ಖಾನೆ. ಆ ಟೂ ಸ್ಟ್ರೋಕ್ ಪಿಸ್ಟನ್ನಿನ ತೋಡಿನಲ್ಲಿ ರಿಂಗ್ ತಿರುಗದಂತೆ ಸಣ್ಣ ಮೊಳೆಯಿದೆ. ತುದಿಗಳು ಪೋರ್ಟಿಗೆ ಸಿಕ್ಕಿಕೊಳ್ಳಬಾರದಲ್ಲ. ಕನೆಕ್ಟಿಂಗ್ ರಾಡು ಒಂದೇ ತುಂಡು, ಅದನ್ನು ತೆಗೆಯಲು ಕ್ರ್ಯಾಂಕನ್ನೇ ಪ್ರೆಸ್ಸಿನಲ್ಲಿ ಬಿಡಿಸಬೇಕು. ಕಾರಿನಲ್ಲಿ ಮೊಳೆಯೂ ಇಲ್ಲ, ಪ್ರೆಸ್ಸೂ ಬೇಡ. ಕೆಲಸ ಸುಲಭ ಅನ್ನಿಸುವುದೇ ಅಪಾಯ. ಗ್ಯಾಪ್‌ಗಳು ಒಂದರ ಕೆಳಗೊಂದು ಬಾರದಂತೆ ನಾವೇ ತಿರುಗಿಸಿಡಬೇಕು. ಪಿಸ್ಟನ್ ತಲೆಯ ಬಾಣ ಟೈಮಿಂಗ್ ಬೆಲ್ಟ್ ಕಡೆಗಿರಬೇಕು. ರಾಡಿನ ಕ್ಯಾಪ್ ಅದೇ ರಾಡಿಗೆ, ಅದೇ ಮಗ್ಗುಲಿಗೆ ಕೂರಬೇಕು. ಎರಡನ್ನೂ ಜೊತೆಯಲ್ಲೇ ಬೋರ್ ಮಾಡಿರುತ್ತಾರೆ, ಅದಲು ಬದಲಾದರೆ ಬೇರಿಂಗ್ ಕೂರುವ ರಂಧ್ರದ ದುಂಡಗಿನ ಆಕಾರ ಕೆಡುತ್ತದೆ.

ರಾಡ್ ಬೋಲ್ಟುಗಳಿಗೆ ರಬ್ಬರ್ ಪೈಪಿನ ತುಂಡು ತೊಡಿಸಿ, ಕ್ರ್ಯಾಂಕಿಗೆ ಗೀರು ಬೀಳದು. ರಿಂಗ್ ಕಂಪ್ರೆಸರ್ ಬಿಗಿದು, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ನಡುವೆ ಪಿಸ್ಟನ್ ತಟಕ್ಕನೆ ನಿಂತರೆ ಪಕ್ಕದಲ್ಲಿ ನಿಂತವನೊಬ್ಬ ಖಂಡಿತ ಹೇಳುತ್ತಾನೆ: ‘ಇನ್ನೊಂದೇಟು ಹಾಕಣ್ಣ!’ ಆ ಏಟು ಹಾಕದವನೇ ನನ್ನ ಲೆಕ್ಕದಲ್ಲಿ ಮೇಸ್ತ್ರಿ. ರಿಂಗು ಕಂಪ್ರೆಸರಿನಿಂದ ಜಾರಿ ಬ್ಲಾಕಿನ ಅಂಚಿಗೆ ತಗುಲಿರುತ್ತದೆ. ಹೊಡೆದರೆ ಮುರಿಯುವುದು ಅದೇ. ಹೊರತೆಗೆದು ಮತ್ತೆ ಬಿಗಿಯಬೇಕು, ಬೇರೆ ದಾರಿಯಿಲ್ಲ.

ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲೇ ಬಿಗಿಯಿರಿ. ‘ಕೈಯಳತೆ’ ಎಂಬ ಹೆಮ್ಮೆಯನ್ನು ಚಕ್ರದ ನಟ್ಟಿನಲ್ಲೂ ನಾನು ಒಪ್ಪುವುದಿಲ್ಲ. ಒಂದೊಂದು ಪಿಸ್ಟನ್ ಕೂತ ಕೂಡಲೇ ಕ್ರ್ಯಾಂಕನ್ನು ಪೂರಾ ಒಂದು ಸುತ್ತು ತಿರುಗಿಸಿ ನೋಡಿ. ಮೂರೂ ಪಿಸ್ಟನ್ ಸೇರಿದ ಮೇಲೆ ರಿಂಗಿನ ಬಿಗುವಿಗೆ ಭಾರವಾಗುವುದು ಸಹಜ. ಆ ಭಾರ ಸುತ್ತಿನುದ್ದಕ್ಕೂ ಒಂದೇ ಸಮನಿದ್ದರೆ ಸಂಪ್ ಮುಚ್ಚಬಹುದು. ಎಲ್ಲೋ ಒಂದೆಡೆ ಮಾತ್ರ ಹಿಡಿದರೆ, ಕೊನೆಗೆ ಬಿಗಿದ ಕ್ಯಾಪನ್ನು ಮೊದಲು ಬಿಚ್ಚಿ.